ಕೋರಂ ಕೂಡಿಸುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಲೆಯ ಮೇಲಿನ ಹಾಲು ಯಾವ ಗಳಿಗೆಯಲ್ಲಾದರೂ ಉಕ್ಕುವಂತಿದೆ. ಅದರ ಮುಂದೆಯೇ ನಿಂತಿರುವ ಹೆಂಗಸಿಗೆ ಅತ್ತ ಗಮನವಿಲ್ಲ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, "ಸಾರ್, ಗುರುವಾರ ಬರ್ತೀನಿ ಅಂದಿದ್ರಿ" ಎನ್ನುತ್ತಿದ್ದಾರೆ. ಆ ಕಡೆಯಿಂದ ಉದ್ದನೆಯ ವಿವರಣೆ. ಕೇಳುತ್ತ ಕೇಳುತ್ತ ಇವರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. "ಆಯ್ತು ಸಾರ್. ಹಾಗಾದ್ರೆ ಅರ್ಧ ಗಂಟೆ ಬಂದು ಹೋಗಿ." ಹಾಲು ಉಕ್ಕುತ್ತದೆ. ಪತಿ ಬಂದು ಒಲೆ ಆರಿಸಿ, ಕಟ್ಟೆ ಒರೆಸುತ್ತಾರೆ. ಅವರಿಗೆ ಇದು ರೂಢಿಯಾಗಿಹೋಗಿದೆ.

ಸ್ನಾಯು ಸೊರಗುವ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಸುವ, ಲಾಭದ ಗೊಡವೆಗೆ ಹೋಗದ ಸಂಸ್ಥೆಯೊಂದಿದೆ. ಈಕೆ ಅದರ ಆಡಳಿತ ಮಂಡಳಿಯ ಕಾರ್ಯದರ್ಶಿ. ಮಂಡಳಿಯಲ್ಲಿ ಹನ್ನೊಂದು ನಿರ್ದೇಶಕರು. ಆರು ಮಂದಿ ಸೇರಿದರೆ ಕೋರಂ, ಅಂದರೆ ಸಭೆಗೆ ಬೆಲೆ. ಐವರೇ ಬಂದರೆ ಅದು ಬರೀ ಹರಟೆ. ಕಾರ್ಯದರ್ಶಿಗೆ ಮತದ ಹಕ್ಕಿಲ್ಲ. ಸಭೆ ಕರೆಯುವುದು, ಬಂದವರನ್ನು ಕೂರಿಸುವುದು, ಅವರು ತೀರ್ಮಾನಿಸಿದ್ದನ್ನು ಬರೆದಿಡುವುದು, ಇಷ್ಟೇ ಕೆಲಸ. ತಕ್ಕಡಿಯಲ್ಲಿ ಕಪ್ಪೆ ತೂಗುವಂಥ ಈ ಕೆಲಸವನ್ನು ಇವರು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದಾರೆ. ನಿರ್ದೇಶಕರು ಬೆನ್ನ ಹಿಂದೆ ಇಟ್ಟಿರುವ ಹೆಸರು 'ಅಲಾರಂ'. ಅದು ಇವರಿಗೂ ಗೊತ್ತು.

ಇಷ್ಟು ಬೆಳಗ್ಗೆ ಯಾಕೆ ಎಂದರೆ ಕಾರಣ ಸರಳ. ಮೂಳೆ ಸರ್ಜನ್ ಆಪರೇಷನ್ ಕೋಣೆಗೆ ಹೊಕ್ಕ ಮೇಲೆ ಸಂಜೆಯವರೆಗೆ ಸಿಗುವುದಿಲ್ಲ. ಕಾರ್ಖಾನೆಯ ಮಾಲೀಕರು ವ್ಯಾಯಾಮ ಮಾಡುವಾಗ ಮಾತ್ರ ತಾವೇ ಫೋನ್ ಎತ್ತುತ್ತಾರೆ, ಆಮೇಲೆ ಎತ್ತುವುದು ಅವರ ಸಹಾಯಕ, ಆತ ಎಲ್ಲದಕ್ಕೂ ಆಗಲಿ ಅನ್ನುತ್ತಾನೆ, ಯಾವುದನ್ನೂ ಮುಟ್ಟಿಸುವುದಿಲ್ಲ. ನಿವೃತ್ತ ಪ್ರೊಫೆಸರ್ ಮಾತ್ರ ಯಾವ ಹೊತ್ತಿನಲ್ಲೂ ಸಿಗುತ್ತಾರೆ. ಆದರೆ ಅವರಿಗೆ ಫೋನ್ ಮಾಡಿದರೆ ಹಿಂದಿನ ಸಭೆಯ ವರದಿಯಲ್ಲಿ ಅಲ್ಪವಿರಾಮ ಎಲ್ಲಿ ತಪ್ಪಿದೆ ಎಂದು ಶುರುವಾಗಿ, ಚಹಾ ಆರಿ ತಣ್ಣಗಾಗುವವರೆಗೆ ಮುಗಿಯುವುದಿಲ್ಲ.

"ಯಾರೂ ಕೆಟ್ಟೋರಲ್ಲ" ಎನ್ನುತ್ತಾರೆ ಕಾರ್ಯದರ್ಶಿ, ಹಾಲು ಉಕ್ಕಿದ್ದನ್ನು ಈಗಷ್ಟೇ ಗಮನಿಸಿ. "ಕೆಟ್ಟೋರಾಗಿದ್ರೆ ಜಗಳ ಆಡಿ ಸುಮ್ನಾಗ್ಬಹುದಿತ್ತು. ಒಬ್ಬೊಬ್ಬರೂ ಒಳ್ಳೆಯವರು, ಬಿಡುವಿಲ್ಲದೋರು. ಒಟ್ಟಿಗೆ ಸೇರಿದ್ರೆ ಮಾತ್ರ ತಲೆ ಕೆಟ್ಟುಹೋಗುತ್ತೆ."

ಮನೆಯಿಂದ ಕಚೇರಿಗೆ ಎರಡು ಬಸ್ಸು ಬದಲಿಸಬೇಕು. ಅವರ ಪತಿ ಇಂಥ ಬಸ್ಸುಗಳನ್ನೇ ಓಡಿಸಿ ನಿವೃತ್ತರಾದವರು. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಮೊದಲು ನಗುತ್ತಾರೆ. "ನನ್ನ ಪ್ರಯಾಣಿಕರು ತಾವೇ ಓಡಿ ಬಂದು ಹತ್ತೋರು. ಇವಳ ಪ್ರಯಾಣಿಕರನ್ನ ಮನೆ ಬಾಗಿಲಿಗೆ ಹೋಗಿ ಎತ್ತಿ ಕೂರಿಸ್ಬೇಕು. ಅಷ್ಟಾದ್ಮೇಲೂ ಅರ್ಧ ದಾರೀಲಿ ಇಳಿದ್ಬಿಡ್ತಾರೆ" ಎನ್ನುತ್ತಾರೆ.

ಕಚೇರಿ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿ. ಕೆಳಗೆ ಪ್ರಯೋಗಾಲಯ, ಮೇಲೆ ಸಭಾಕೋಣೆ. ಉದ್ದನೆಯ ಮೇಜಿನ ಸುತ್ತ ಹನ್ನೊಂದು ಮೆತ್ತನೆಯ ಕುರ್ಚಿಗಳು, ಗೋಡೆಯ ಪಕ್ಕ ಕೈಯಿಲ್ಲದ ಒಂದು ಕುರ್ಚಿ. ಅದು ಕಾರ್ಯದರ್ಶಿಯದು. ಮೆತ್ತನೆಯ ಕುರ್ಚಿಗಳೇ ಈ ಸಂಸ್ಥೆಗೆ ಹತ್ತಿರುವ ರೋಗ ಎಂದು ಅವರು ಹೇಳುವಾಗ ಮುಖದಲ್ಲಿ ನಗೆಯ ಸುಳಿವೂ ಇಲ್ಲ.

ಇಲ್ಲಿಗೆ ಅವರು ಕೆಲಸ ಕೇಳಿಕೊಂಡು ಬಂದವರಲ್ಲ. ಅವರಿಗೊಬ್ಬ ತಮ್ಮನಿದ್ದ. ಓಡುತ್ತಿದ್ದವನು ಬೀಳತೊಡಗಿದ, ಬೀಳುತ್ತಿದ್ದವನು ಏಳದಾದ. ಸೋಮಾರಿ ಎಂದು ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಲು ಹೋದರೆ ಅವನಿಗೆ ಹತ್ತುವುದಕ್ಕೇ ಆಗಲಿಲ್ಲ. ಮುಂದೆ ಅಕ್ಕನೇ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ದರು. ಅವನು ಉದ್ದವಾದಂತೆ ಕಾಲು ಇವರ ಮೊಣಕಾಲಿಗೆ ತಾಗುತ್ತಿತ್ತಂತೆ. ಆಮೇಲೆ ಗಾಲಿಕುರ್ಚಿ ಬಂತು, ಅದೂ ಹೆಚ್ಚು ವರ್ಷ ಬೇಕಾಗಲಿಲ್ಲ. ಕಾಯಿಲೆಗೆ ಒಂದು ಹೆಸರಿದೆ ಎಂದು ಮನೆಯವರಿಗೆ ತಿಳಿದದ್ದು ಅವನು ಹೋದ ಮೇಲೆ. ಆ ಗಾಲಿಕುರ್ಚಿಯನ್ನು ಯಾವುದಾದರೂ ಮಗುವಿಗೆ ಕೊಡಿ ಎಂದು ತಳ್ಳಿಕೊಂಡು ಈ ಸಂಸ್ಥೆಗೆ ಬಂದಾಗ, ಬಾಗಿಲಲ್ಲಿದ್ದ ಮ್ಯಾನೇಜರ್ ಕುರ್ಚಿ ಒಳಗಿಡಿಸಿ, ಟೈಪಿಂಗ್ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದರು ಇವರು. ಅಂದಿನಿಂದ ಇಲ್ಲಿಯೇ.

ಅವರ ಕೋಪದ ಬೇರು ಎಲ್ಲಿದೆ ಎಂದು ತಿಳಿಯಲು ಕಳೆದ ವರ್ಷದ ಕತೆ ಕೇಳಬೇಕು.

ಸಂಸ್ಥೆಯ ವಿಜ್ಞಾನಿಗಳು ಹೊಸ ಔಷಧವೊಂದನ್ನು ಕೆಲವು ಮಕ್ಕಳ ಮೇಲೆ ಪರೀಕ್ಷಿಸುತ್ತಿದ್ದರು. ಅದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಅದರ ಓಟವನ್ನು ನಿಧಾನ ಮಾಡುತ್ತದೆ. ಪರೀಕ್ಷೆ ಮುಗಿಯಿತು. ಮುಗಿದ ಮೇಲೂ ಅದೇ ಮಕ್ಕಳಿಗೆ ಪುಕ್ಕಟೆ ಔಷಧ ಕೊಡಲು ತಯಾರಕರು ಒಪ್ಪಿದ್ದರು. ಮಕ್ಕಳ ಮೇಲ್ವಿಚಾರಣೆ ನಮ್ಮದು ಎಂದು ಮಂಡಳಿ ಒಂದು ನಿರ್ಣಯ ಮಾಡಿಕೊಟ್ಟರೆ ಸಾಕು. ಕೈ ಎತ್ತಬೇಕು, ಅಷ್ಟೇ. ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಉಳಿದಿದ್ದ ಔಷಧ ಹೆಚ್ಚೆಂದರೆ ಎರಡು ತಿಂಗಳಿಗೆ ಬರುತ್ತಿತ್ತು.

ಮೊದಲ ಸಭೆಗೆ ನಾಲ್ವರು ಬಂದರು. ಕಾದರು, ಬಿಸ್ಕತ್ತು ತಿಂದರು, ಹೋದರು. ಎರಡನೆಯ ಸಭೆಗೆ ಕೋರಂ ಇತ್ತು. ಆದರೆ ಮಂಡಳಿಯ ರೂಢಿಯಂತೆ ಮೊದಲು ಹಿಂದಿನ ವರದಿಯ ಅಂಗೀಕಾರ, ಆಮೇಲೆ ಅಭಿನಂದನೆಗಳು, ಆಮೇಲೆ ಕಟ್ಟಡದ ವಿಷಯಗಳು, ಕೊನೆಗೆ ಉಳಿದದ್ದು. ಔಷಧ ಉಳಿದದ್ದರಲ್ಲಿತ್ತು. ಮುಂಬಾಗಿಲ ಫಲಕದ ಅಕ್ಷರ ನೀಲಿಯಿರಬೇಕೋ ಹಸಿರಿರಬೇಕೋ ಎಂಬಲ್ಲಿಗೆ ಬಂದಾಗ ಚರ್ಚೆ ರಬ್ಬರಿನಂತೆ ಹಿಗ್ಗಿತು. ಹಸಿರು ಗೆಲ್ಲುವ ಹೊತ್ತಿಗೆ ಸರ್ಜನ್‌ಗೆ ಆಸ್ಪತ್ರೆಯಿಂದ ಕರೆ ಬಂತು, ಇನ್ನಿಬ್ಬರು ಅವರ ಬೆನ್ನಿಗೇ ಎದ್ದರು. ಕೋರಂ ಮುರಿಯಿತು.

ಮಾರನೆಯ ದಿನ ಮಕ್ಕಳ ಔಷಧ ಒಯ್ಯಲು ಬಂದ ತಾಯಂದಿರಲ್ಲಿ ಬಟ್ಟೆ ಇಸ್ತ್ರಿ ಮಾಡುವ ಒಬ್ಬಾಕೆ ಮೆಟ್ಟಿಲು ಹತ್ತಿ ಇವರ ಮೇಜಿನ ಬಳಿ ಬಂದರು. ಮಗಳು ಈಗ ತಾನಾಗಿಯೇ ಕೈಯೆತ್ತಿ ತಲೆ ಬಾಚಿಕೊಳ್ಳುತ್ತಾಳೆ ಎಂದು ಹೇಳಿದರು. ಬೈತಲೆ ಸೊಟ್ಟಗೆ ತೆಗೆಯುತ್ತಾಳೆ, ತಿದ್ದಲು ಹೋದರೆ ಮುನಿಸಿಕೊಳ್ಳುತ್ತಾಳೆ ಎಂದರು. ಆಮೇಲೆ ಕೇಳಿದರು: "ಅಕ್ಕಾ, ಮುಂದಕ್ಕೂ ಸಿಗುತ್ತಲ್ವಾ ಇದು?"

"ಏನಂತ ಹೇಳ್ಲಿ?" ಎನ್ನುತ್ತಾರೆ ಕಾರ್ಯದರ್ಶಿ. "ಫಲಕದ ಬಣ್ಣ ತೀರ್ಮಾನ ಆಗಿದೆ ಕಣಮ್ಮಾ ಅನ್ಲಾ? ಸಿಗುತ್ತೆ ಅಂದ್ಬಿಟ್ಟೆ. ಆ ಮಾತು ಕೊಡೋ ಅಧಿಕಾರ ನನಗೆಲ್ಲಿತ್ತು?"

ದೂರದಿಂದಲೇ ವಿಡಿಯೊ ಮೂಲಕ ಸಭೆ ನಡೆಸಬಹುದಿತ್ತಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಕೇಳಿದೆ. ಅವರು ನನ್ನನ್ನು ಮರುಕದಿಂದ ನೋಡಿದರು. ಬೈಲಾ ಪ್ರಕಾರ ನಿರ್ದೇಶಕರು ಖುದ್ದಾಗಿ ಇರಬೇಕು. ಬೈಲಾ ತಿದ್ದಬಹುದು. ತಿದ್ದಲು ಮುಕ್ಕಾಲು ಪಾಲು ನಿರ್ದೇಶಕರು ಖುದ್ದಾಗಿ ಬರಬೇಕು.

ಮೂರನೆಯ ಸಭೆಗೆ ದಿನ ಗೊತ್ತುಮಾಡುವಷ್ಟರಲ್ಲಿ ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಧ್ಯಕ್ಷರಿಲ್ಲದೆ ಸಭೆ ಹೇಗೆ, ಅವರು ಚೇತರಿಸಿಕೊಳ್ಳಲಿ, ಮುಂದೆ ನೋಡೋಣ ಎಂದು ಎಲ್ಲರೂ ಹೇಳಿದರು. ಆ ದಿನ ಮನೆಗೆ ಬಂದ ಇವರು ಚಪ್ಪಲಿ ಕೂಡ ಬಿಡದೆ ಬಾಗಿಲ ಬಳಿ ಕೂತು ಅತ್ತರಂತೆ. ದುಃಖಕ್ಕಲ್ಲ, ಸಿಟ್ಟಿಗೆ. ಪತಿ ಸಮಾಧಾನ ಮಾಡಲು ಹೋಗಿ ಬೈಸಿಕೊಂಡರು.

ಮರುದಿನ ಅಧ್ಯಕ್ಷರನ್ನು ನೋಡಲು ಆಸ್ಪತ್ರೆಗೆ ಹೋದರೆ, ಕೋಣೆಯಲ್ಲಿ ಕಾರ್ಖಾನೆಯ ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದಾರೆ. ಎರಡು ವರ್ಷ ಸಭೆಗೆ ಮುಖ ತೋರಿಸದವರು. ಹಿಂದಿನ ದಿನ ಇನ್ನಿಬ್ಬರು ನಿರ್ದೇಶಕರು ಬಂದುಹೋಗಿದ್ದರು ಎಂದು ಅಧ್ಯಕ್ಷರ ಮಗಳು ಹೇಳಿದರು. ಸಭೆ ತಪ್ಪಿಸಿಕೊಳ್ಳುವವರು ಯಾರೂ ಕಾಯಿಲೆಯವರನ್ನು ನೋಡುವುದು ತಪ್ಪಿಸಿಕೊಳ್ಳುವುದಿಲ್ಲ ಎಂಬುದು ಕಾರ್ಯದರ್ಶಿಗೆ ಹೊಳೆದದ್ದು ಅಲ್ಲೇ. ಮಾಲೀಕರು ಹೋದ ಮೇಲೆ, ಸಭೆಯನ್ನು ಇಲ್ಲಿಗೇ ಕರೆಯೋಣ ಎಂದು ಅಧ್ಯಕ್ಷರ ಬಳಿ ಹೇಳಿದರು. ಅವರಿಗೆ ಕಿವಿ ಮಂದ, ಕಿವಿಯ ಯಂತ್ರ ಹಾಕಿಕೊಳ್ಳಲು ಬಿಂಕ. ಮೂರು ಸಲ ಜೋರಾಗಿ ಹೇಳಬೇಕಾಯಿತು. ಅರ್ಥವಾದ ಮೇಲೆ ಅವರು ಸೂರು ನೋಡುತ್ತ, "ನಾನು ಹೇಗೂ ಎದ್ದು ಹೋಗೋಕಾಗಲ್ಲ. ಕರೀರಿ" ಎಂದರು.

ನೋಟಿಸು ನಿಯಮದ ಪ್ರಕಾರವೇ ಹೋಯಿತು. ದಿನಾಂಕ, ಸಮಯ, ವಿಷಯ ಒಂದೇ: ಮಕ್ಕಳ ಔಷಧ. ಸ್ಥಳ: ಅಧ್ಯಕ್ಷರಿರುವ ಆಸ್ಪತ್ರೆಯ ವಾರ್ಡು. ನೋಟಿಸನ್ನು ಯಾರೂ ಓದುವುದಿಲ್ಲ ಎಂಬ ಭರವಸೆ ಇವರಿಗಿತ್ತು. ಹಿಂದಿನ ದಿನ ಬೆಳಗ್ಗೆ ಎಲ್ಲರಿಗೂ ಫೋನ್ ಮಾಡಿ, ಅಧ್ಯಕ್ಷರು ನಿಮ್ಮನ್ನು ನೋಡಬೇಕೆನ್ನುತ್ತಿದ್ದಾರೆ, ನಾಳೆ ನಾಲ್ಕಕ್ಕೆ ಬನ್ನಿ ಎಂದಷ್ಟೇ ಹೇಳಿದರು. ಅದರಲ್ಲಿ ಸುಳ್ಳೇನಿರಲಿಲ್ಲ.

ನಾಲ್ಕಕ್ಕೆ ಮಾಲೀಕರು ಬಂದರು, ಇನ್ನಿಬ್ಬರು ಬಂದರು, ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸರ್ಜನ್ ಕೈ ಒರೆಸಿಕೊಳ್ಳುತ್ತ ಬಂದರು. ಒಬ್ಬೊಬ್ಬರಾಗಿ ಒಳಗೆ ಬಂದು, ಉಳಿದವರನ್ನು ಕಂಡು ಹುಬ್ಬೇರಿಸಿದರು. ಅಧ್ಯಕ್ಷರೂ ಸೇರಿ ಐವರು. ಅಷ್ಟರಲ್ಲಿ ವಾರ್ಡಿನ ಸಿಸ್ಟರ್ ಬಂದು, ಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇರುವಂತಿಲ್ಲ, ಹೊರಗೆ ನಡೆಯಿರಿ ಎಂದರು. ಇವತ್ತೊಂದು ದಿನ ಬಿಡಿ ಎಂದು ಸರ್ಜನ್ ಮೆತ್ತಗೆ ಕೇಳಿಕೊಂಡರು. ಸಿಸ್ಟರ್ ಬಾಗಿಲಿಗೆ ಅಂಟಿಸಿದ್ದ ಸೂಚನೆಯ ಕಡೆ ಬೆರಳು ಮಾಡಿದರು. "ಸಾರ್, ಕೆಳಗೆ ಸಹಿ ನಿಮ್ದೇ."

ಹೊರಗಿನ ಪಡಸಾಲೆಗೆ ಆ ನಿಯಮ ಅನ್ವಯಿಸುತ್ತದೆಯೇ ಎಂದು ಕಾರ್ಯದರ್ಶಿ ಕೇಳಿದರು. ದಾರಿ ಬಿಟ್ಟು ನಿಂತರೆ ಸರಿ ಎಂದರು ಸಿಸ್ಟರ್. ತಾವೇ ಮಂಚದ ಗಾಲಿಯ ಬ್ರೇಕ್ ತೆಗೆದರು. ಅಧ್ಯಕ್ಷರ ಮಂಚ ಲಿಫ್ಟಿನ ಪಕ್ಕಕ್ಕೆ ಬಂತು. ಅದರ ಸುತ್ತ ನಿರ್ದೇಶಕರು ಹಣ್ಣಿನ ಚೀಲ ಹಿಡಿದು ನಿಂತರು.

ಇನ್ನೊಬ್ಬರು ಬೇಕಿತ್ತು. ಲಿಫ್ಟು ಬಾಗಿಲು ತೆರೆದಾಗಲೆಲ್ಲ ಎಲ್ಲರ ತಲೆಯೂ ಅತ್ತ ತಿರುಗುತ್ತಿತ್ತು. ಊಟದ ಗಾಡಿ ಬಂತು, ಯಾರದೋ ನೆಂಟರು ಬಂದರು. ಸರ್ಜನ್ ಗಡಿಯಾರ ನೋಡಿಕೊಳ್ಳತೊಡಗಿದರು. ಕಾರ್ಯದರ್ಶಿ ಅವರ ದಾರಿಗೆ ಅಡ್ಡವಾಗಿ ನಿಂತು, ಜೀವನದಲ್ಲಿ ಮೊದಲ ಸಲ ನಿರ್ದೇಶಕರೊಬ್ಬರಿಗೆ ಗದರಿದರು. "ಸಾರ್, ನೀವೀಗ ಹೋದ್ರೆ ಆ ಮಕ್ಕಳಿಗೆ ನೀವೇ ಫೋನ್ ಮಾಡಿ ಹೇಳ್ಬೇಕು. ನಾನು ಹೇಳಲ್ಲ."

ಸರ್ಜನ್ ಹೋಗಲಿಲ್ಲ. ಕೊನೆಗೆ ಲಿಫ್ಟಿನಿಂದ ಇಳಿದವರು ಪ್ರೊಫೆಸರ್. ನಡೆಯುತ್ತಿರುವುದು ಏನೆಂದು ತಿಳಿದು, ಇದು ಸಭೆಯೇ ಅಲ್ಲ, ಸ್ಥಳ ತಿಳಿಸಿಲ್ಲ ಎಂದು ಆಕ್ಷೇಪಿಸಿದರು. ತಿಳಿಸಿದೆ ಎಂದರು ಕಾರ್ಯದರ್ಶಿ. ಪ್ರೊಫೆಸರ್ ಕನ್ನಡಕ ಏರಿಸಿ ಫೋನಿನಲ್ಲಿ ನೋಟಿಸು ಹುಡುಕಿ, ಸಾವಧಾನವಾಗಿ ಓದಿದರು. ಒಂದು ಕಾಗುಣಿತ ತಪ್ಪಿದೆ ಎಂದರು. ಮತ ಹಾಕುವುದಿಲ್ಲ, ಬೇಕಿದ್ದರೆ ಹಾಜರಿ ಹಾಕಿಕೊಳ್ಳಿ ಎಂದರು. ಇವರಿಗೆ ಬೇಕಿದ್ದದ್ದು ಅದೊಂದೇ.

ಕೂರಲು ಕುರ್ಚಿಯಿಲ್ಲದ್ದರಿಂದ ಯಾರೂ ಭಾಷಣ ಮಾಡಲಿಲ್ಲ. ಅಧ್ಯಕ್ಷರು ವಿಷಯ ಓದಿದರು, ಪರವಾಗಿರುವವರು ಕೈ ಎತ್ತಿ ಎಂದರು, ತಾವೂ ಮಲಗಿದಲ್ಲಿಂದಲೇ ಎತ್ತಿದರು. ಐದು ಕೈ. ಸಿಸ್ಟರ್ ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು. ಕಾರ್ಯದರ್ಶಿ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಇಸ್ತ್ರಿಯಾಕೆಗೆ ಫೋನ್ ಮಾಡಿದರು. ಆಕೆಗೆ ನಡೆದದ್ದೇನೂ ಗೊತ್ತಿರಲಿಲ್ಲವಲ್ಲ. ನೀವು ಅವತ್ತೇ ಸಿಗುತ್ತೆ ಅಂದಿದ್ರಲ್ಲಕ್ಕ ಎಂದು ಮಾತು ಮುಗಿಸಿದರಂತೆ.

ವಾರ್ಷಿಕ ವರದಿಯಲ್ಲಿ ಇದಕ್ಕೆ ಸಿಕ್ಕಿರುವುದು ಒಂದು ಸಾಲು: ಮಂಡಳಿಯು ದೂರದೃಷ್ಟಿಯಿಂದ ಔಷಧವನ್ನು ಮುಂದುವರಿಸಲು ತೀರ್ಮಾನಿಸಿತು. ಸಭೆ ನಡೆಸಿದ ರೀತಿ ಮಂಡಳಿಯ ಘನತೆಗೆ ತಕ್ಕುದಲ್ಲ ಎಂದು ಪ್ರೊಫೆಸರ್ ಬರೆದ ಆಕ್ಷೇಪವೂ ಕಡತದಲ್ಲಿದೆ. ಅದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ ಸೇರಿಸಿದವರು ಇವರೇ. ನಿರ್ಣಯ ಒಂದೇ ವರ್ಷದ್ದು. ಈಗ ಅವಧಿ ಮುಗಿಯುತ್ತ ಬಂದಿದೆ, ಅಧ್ಯಕ್ಷರ ಸೊಂಟ ಗಟ್ಟಿಯಾಗಿದೆ, ಸಭೆ ಮತ್ತೆ ಮೆತ್ತನೆಯ ಕುರ್ಚಿಗಳಿಗೆ ಮರಳಿದೆ. ಬರುವ ಗುರುವಾರದ ಸಭೆ ಆ ನಿರ್ಣಯವನ್ನು ಮುಂದುವರಿಸುವುದಕ್ಕೇ.

ನಿಮಗೇನು ಬೇಕು ಎಂದು ಕೇಳಿದೆ. ಸನ್ಮಾನವೇ, ಬಡ್ತಿಯೇ, ಮಂಡಳಿಯಲ್ಲೊಂದು ಸ್ಥಾನವೇ. ಸ್ಥಾನ ಬೇಡ ಎಂದರು, ತಮ್ಮನ್ನೂ ಯಾರಾದರೂ ಫೋನ್ ಮಾಡಿ ಕರೆಯಬೇಕಾದೀತು ಎಂದು. ಬೇಕಾಗಿರುವುದು ಬೈಲಾಕ್ಕಲ್ಲ, ರೂಢಿಗೆ ಸಣ್ಣದೊಂದು ತಿದ್ದುಪಡಿ. ಇನ್ನು ಮುಂದೆ ಯಾವ ಸಭೆಯಲ್ಲೇ ಆಗಲಿ ಮಕ್ಕಳ ವಿಷಯವನ್ನು ಮೊದಲು ಎತ್ತಿಕೊಳ್ಳಬೇಕು, ಬಣ್ಣ ಬಾಗಿಲು ಎಲ್ಲ ಆಮೇಲೆ. ಬರೆದು ಕೊಟ್ಟಿದ್ದಾರೆ. ಅಧ್ಯಕ್ಷರು ಒಪ್ಪಿ ಗುರುವಾರದ ವಿಷಯಪಟ್ಟಿಗೆ ಸೇರಿಸಿದ್ದಾರೆ, ರೂಢಿಯಂತೆ ಕೊನೆಯಲ್ಲಿ.

ಅದನ್ನು ಕೇಳಿ ನನಗೇ ಸಂಕಟವಾಯಿತು. ಅವರು ಮುಂದಿನ ನಿರ್ದೇಶಕರ ನಂಬರ್ ಒತ್ತುತ್ತ, ರಿಂಗಾಗುವ ಮುಂಚೆ ನನ್ನ ಕಡೆ ತಿರುಗಿದರು.

"ಇರ್ಲಿ ಬಿಡಿ. ಕೊನೇವರೆಗೂ ಕೂರಿಸ್ಕೊಳ್ತೀನಿ."