ಸಾಹೇಬರ ವುಜೂ

ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಸಾಹೇಬರ ಅಂಗಿಯ ತೋಳು ಸದಾ ಮೊಣಕೈವರೆಗೆ ಮಡಚಿರುತ್ತಿತ್ತು, ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆದು ಶುದ್ಧವಾಗುವ ವುಜೂವನ್ನು ಅವರು ಇಡೀ ದಿನ ಕಾಪಾಡಿಕೊಳ್ಳುತ್ತಿದ್ದರು. ಆಗಾಗ ಮಾತಿನ ಮಧ್ಯೆ ಥಟ್ಟನೆ ಎದ್ದು, "ವುಜೂ ಹೋಯ್ತು, ಬಂದೆ ಸಾರ್" ಎಂದು ನಲ್ಲಿಯತ್ತ ನಡೆಯುತ್ತಿದ್ದರು. ಹೊಟ್ಟೆಯ ಗಾಳಿ ಹೊರಬಂದರೆ ವುಜೂ ಮುರಿಯುತ್ತದೆಂದು ಅವರೇ ನನಗೆ ಹೇಳಿದ್ದರು. ನಾನು ಹೆಂಡತಿಗೆ ಹೇಳಿದೆ. ಹಾಗಾಗಿ ಇಡೀ ಕಟ್ಟಡಕ್ಕೆ ಗೊತ್ತಾಯಿತು.

ಒಂದು ಭಾನುವಾರ ಅಸೋಸಿಯೇಷನ್ ಮೀಟಿಂಗಿನಲ್ಲಿ ಅಧ್ಯಕ್ಷರು ನೀರಿನ ಟ್ಯಾಂಕರ್ ಬಗ್ಗೆ ಮಾತಾಡುತ್ತಲೇ ಇದ್ದರು. ಇದ್ದಕ್ಕಿದ್ದಂತೆ ಕೆಟ್ಟ ವಾಸನೆ ಹಬ್ಬಿತು. ಅದೇ ಹೊತ್ತಿಗೆ, ಕಂಬಕ್ಕೆ ಒರಗಿ ಕೂತಿದ್ದ ಸಾಹೇಬರು ಎದ್ದು, "ವುಜೂ ಹೋಯ್ತು" ಎನ್ನುತ್ತ ಹೊರಟರು. ನಾವೆಲ್ಲ ಮೂಗು ಮುಚ್ಚಿಕೊಂಡು ಮುಸಿಮುಸಿ ನಕ್ಕೆವು.

ಅವರು ಮುಖ ಒರೆಸಿಕೊಳ್ಳುತ್ತ ವಾಪಸು ಬಂದಾಗ ಅಧ್ಯಕ್ಷರು, "ಪರವಾಗಿಲ್ಲ ಬಿಡಿ ಸಾಹೇಬ್ರೆ, ವಯಸ್ಸಾದ್ಮೇಲೆ ಹೊಟ್ಟೆ ಮಾತು ಕೇಳಲ್ಲ" ಎಂದರು.

"ಹೊಟ್ಟೆ ಅಲ್ಲ ಸಾರ್, ನಿಮ್ಮ ಭಾಷಣಕ್ಕೆ ಒಳ್ಳೇ ನಿದ್ದೆ ಬಂದ್ಬಿಡ್ತು. ಒರಗಿ ನಿದ್ದೆ ಮಾಡಿದ್ರೂ ವುಜೂ ಹೋಗುತ್ತೆ" ಎಂದವರು ಗಾಳಿ ಮೂಸಿ, "ಅಯ್ಯೋ, ಇದ್ಯಾರದು?" ಎಂದು ಕೇಳಿದರು.

ಮೀಟಿಂಗ್ ಮುಗಿಯುವವರೆಗೆ ಒಬ್ಬರೂ ನೀರು ಕುಡಿಯಲಿಕ್ಕೂ ಎದ್ದು ಹೋಗಲಿಲ್ಲ.