ಎರಡನೇ ಸಲ ಹಾಕಿದ ನೀರು

ಸಾಲೋಟಗಿಯ ಕಟ್ಟೆಯ ಮೇಲೆ ಮೀಸೆ ತಿರುವುತ್ತ ಕೂತ ಗಂಡಸರು ಕೂಡ ಅಮೀನಾಬಿ ಬಂದರೆ ಎದ್ದು ನಿಲ್ಲುತ್ತಾರೆ. ಆಕೆ ಸಾಹುಕಾರ್ತಿಯೂ ಅಲ್ಲ, ಪುಢಾರಿಯೂ ಅಲ್ಲ. ಅಲ್ಲಿನ ಸರಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸಬಾಯಿಯಾಗಿ ಸೇವೆ ಮುಗಿಸಿ ಈಗ ಇಂಡಿಯಲ್ಲಿ ಮಗನ ಮನೆಯಲ್ಲಿರುವ ಹೆಂಗಸು. “ಕುಂಡ್ರೋ ಸಾಕು, ನಿನ್ನ ಬತ್ತಲೆ ಎತ್ತಿ ಒರಸಿದಾಕಿ ನಾ,” ಎನ್ನುತ್ತಾಳೆ. ಎಂಥ ಮೀಸೆಯೂ ಅಲ್ಲಿಗೆ ಇಳಿದುಬಿಡುತ್ತದೆ.

ಬಾಯಿ ಜೋರಾದರೂ ಆಕೆಯ ಮಾತು ಖರೆ. ಮೇಲಿನವರು ಕೂಸಿನ ತೂಕ ಸ್ವಲ್ಪ ಹೆಚ್ಚಿಗೆ ಬರೆಯಿರಿ ಅಂದರೆ “ತಕ್ಕಡಿಗಿ ಹೇಳ್ರಿ, ನನಗ್ಯಾಕ ಹೇಳ್ತೀರಿ” ಅನ್ನುತ್ತಿದ್ದಳು. ಮತ್ತೆ ಹೆಣ್ಣಾಯಿತೆಂದು ಮುಖ ಗಂಟಿಕ್ಕಿದ ಅತ್ತೆಯರಿಗೆ ಅಲ್ಲೇ ಮಂಗಳಾರತಿ ಆಗುತ್ತಿತ್ತು. ಹೋದ ಮಾಘದಲ್ಲಿ ಇಂಥವಳ ಮನೆಗೆ ಜಯಮಾಲಾ ಅಳುತ್ತ ಬಂದಳು.

ಜಯಮಾಲಾ ಅಮೀನಾಬಿಯ ಕೈಯಲ್ಲೇ ಹುಟ್ಟಿದ ಹುಡುಗಿ. ಹೆತ್ತ ತಾಯಿ ಬಾಳಮ್ಮ ಅವತ್ತೇ ತೀರಿಹೋಗಿದ್ದಳು. ಅಜ್ಜಿ ಸಾಕಿದಳು, ಅಮೀನಾಬಿ ಆಗಾಗ ಹೋಗಿ ಗದರಿಸಿ ಬೆಳೆಸಿದಳು. ಅವರದು ಕ್ಯಾಥೊಲಿಕ್ ಮನೆ. ಈಗ ಸಿಂದಗಿಯ ಸಂಗು ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು; ಅವರು ಪ್ರೊಟೆಸ್ಟಂಟರು.

“ಅವರ ಪಾಸ್ಟರ್, ಲಗ್ನಕ್ಕ ಮೊದ್ಲ ನೀರ ಹಾಕಿಸಿಕೊಂಡು ದೀಕ್ಷಾಸ್ನಾನ ತಗೋ ಅಂತಾರ, ಆಯಿ. ನನಗ ಹುಟ್ಟಿದ ದಿನಾನ ಆಗೇತಿ ಅಂದ್ನಿ. ಯಾರು ಕೊಟ್ರು ಅಂತ ಕೇಳಿದ್ರು. ನಿನ್ನ ಹೆಸರು ಹೇಳಿದ್ನಿ.”

“ಏನಂದ್ರು?”

“ಅದು ಸ್ನಾನ ಅಲ್ಲ, ಉಪಚಾರ ಅಂದ್ರು. ನಮ್ಮವ್ವ ನನಗಂತ ಮಾಡಿಸಿದ್ದು ಅದೊಂದ. ಅದೂ ಅಲ್ಲ ಅಂದ್ರ ನಂದಂತ ಏನು ಉಳೀತು?”

ಅಮೀನಾಬಿಯ ಎದೆಯಲ್ಲಿ ಮುಳ್ಳು ಮುರಿದಂತಾಯಿತು, ಏಕೆಂದರೆ ಆ ದಿನ ನಡೆದದ್ದು ಪೂರ್ತಿ ಗೊತ್ತಿದ್ದವಳು ಅವಳೊಬ್ಬಳೇ.

ಆ ಪಾಸ್ಟರನ್ನೇ ಕಂಡು ಮಾತಾಡುವುದೆಂದಾಯಿತು; ಇಂಡಿ ಊರಿನ ಕ್ಯಾಥೊಲಿಕ್ ಫಾದರ್ ತಾವೂ ಬರುವುದಾಗಿ ಹೇಳಿದರು. ಮೂವರೂ ಸಿಂದಗಿ ಬಸ್ಸು ಹಿಡಿದರು. ಫಾದರ್ ಮುಂದಿನ ಸೀಟಿನಲ್ಲಿ ತೂಕಡಿಸುವಾಗ ಜಯಮಾಲಾ ಎರಡೂ ಕಡೆಯ ಭೇದ ಹೇಳಿದಳು. ಸಂಗುನ ಕಡೆಯವರು ಮೇರಿಯಮ್ಮನ ಮೂರ್ತಿ ಇಡುವುದಿಲ್ಲ, ಪಾಪ ಒಪ್ಪಿಕೊಳ್ಳಲು ಫಾದರ್ ಬಳಿ ಹೋಗುವುದಿಲ್ಲ, ಪೋಪರ ಅಪ್ಪಣೆ ಅವರಿಗೆ ನಡೆಯದು, ಸತ್ಯವೇದದಲ್ಲಿ ಇದ್ದದ್ದೇ ಕಡೆಯ ಮಾತು.

“ನಮ್ಮಲ್ಲೂ ದರ್ಗಾಕ್ಕ ಹೋಗಾವ್ರು ಅದಾರ, ಹೋಗಬಾರದು ಅನ್ನಾವ್ರೂ ಅದಾರ,” ಎಂದಳು ಅಮೀನಾಬಿ. “ಹೊಟ್ಟಿ ಬ್ಯಾನಿ ಬಂದಾಗ ಇಬ್ರೂ ನನ್ನ ಕಡೇನ ಬರ್ತಿದ್ರು.”

ಪಾಸ್ಟರ್ ಅಲ್ಲಿಯವರೇ, ಮೆತ್ತಗಿನ ಮನುಷ್ಯ. ತಾವೇ ಚಹಾ ತಂದುಕೊಟ್ಟರು. ಅವರ ಮಾತಿನಲ್ಲಿ ಗರ್ವ ಹುಡುಕಿದರೂ ಸಿಗಲಿಲ್ಲ.

“ಬಾಯಾರ, ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಸ್ನಾನ ಆಗದ ಸತ್ತ ಕೂಸನ್ನೂ ದೇವರು ಕೈಬಿಡೂದಿಲ್ಲ ಅಂತ ನಾವು ನಂಬ್ತೇವಿ. ಅದಕ್ಕ ನಮ್ಮಲ್ಲಿ ಅವಸರದ ನೀರಿಲ್ಲ. ಸಭೆ ಕೂಡಬೇಕು, ಸಭೆ ಒಪ್ಪಿದವ ಕೊಡಬೇಕು, ಅಲ್ಲಿ ವಿಶ್ವಾಸ ಇರಬೇಕು.”

ಅಮೀನಾಬಿಗೆ ಈ ಮಾತು ತುಂಬ ಹಿಡಿಸಿತು. ಅವಳ ಕೈಯಲ್ಲಿ ಕಣ್ಣು ಬಿಡದೇ ಹೋದ ಕೂಸುಗಳೂ ಇದ್ದವು. ಅವುಗಳ ತಾಯಂದಿರಿಗೆ ಯಾರಾದರೂ ಹೀಗೆ ಹೇಳಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮಂಗಳೂರು ಕಡೆಯ ಫಾದರ್ ತಮ್ಮ ಪುಸ್ತಕದ ಕನ್ನಡದಲ್ಲಿ ಶುರುಮಾಡಿದರು. “ನಮ್ಮ ಧರ್ಮಸಭೆಯಲ್ಲಿ ಸಾವಿನಂಚಿನಲ್ಲಿ ಇರುವವರಿಗೆ ಜ್ಞಾನಸ್ನಾನವನ್ನು, ಅಂದರೆ ನಿಮ್ಮ ದೀಕ್ಷಾಸ್ನಾನವನ್ನು, ಯಾರು ಬೇಕಾದರೂ ಕೊಡಬಹುದು. ಕೊಡುವವರು ಕ್ರೈಸ್ತರೇ ಆಗಬೇಕೆಂದಿಲ್ಲ.”

ಎಂಥ ಮೋಜು ನೋಡಿ. ಪೋಪರು, ಬಿಷಪ್ಪರು, ಫಾದರ್ ಎಂದು ಮೆಟ್ಟಿಲ ಮೇಲೆ ಮೆಟ್ಟಿಲು ಕಟ್ಟಿಕೊಂಡವರು ಮುಸಲ್ಮಾನ ನರ್ಸಬಾಯಿಯ ಕೈಯೂ ಆದೀತು ಅನ್ನುತ್ತಾರೆ. ದೇವರಿಗೂ ಮನುಷ್ಯನಿಗೂ ನಡುವೆ ಪೂಜಾರಿ ಬೇಡವೆಂದು ಬೇರೆಯಾದವರು ಪಾಸ್ಟರೇ ಬೇಕು ಅನ್ನುತ್ತಾರೆ. ಇಬ್ಬರಿಗೂ ಅವರವರ ಲೆಕ್ಕ ಸರಿಯೇ ಇತ್ತು, ನಡುವೆ ಹುಡುಗಿ ಮಾತ್ರ ಸೆರಗಿನ ತುದಿ ತಿರುವುತ್ತ ಕೂತಿದ್ದಳು.

“ಆದರೆ ಒಂದು ವಿಷಯ,” ಎಂದರು ಫಾದರ್. “ನೀರು, ಮಾತು ಇದ್ದರೆ ಸಾಲದು. ಕೊಡುವವರ ಮನಸ್ಸೂ ಅದರಲ್ಲಿ ಇರಬೇಕು. ಅಮ್ಮ, ಆ ತಾಯಿಯನ್ನು ಸಮಾಧಾನ ಮಾಡಲಿಕ್ಕೆ ಮಾತ್ರ ನೀರು ಹಾಕಿದ್ದಾದರೆ, ನಮ್ಮಲ್ಲಿಯೂ ಅದು ನಡೆಯುವುದಿಲ್ಲ. ನಿಮ್ಮ ಮನಸ್ಸಿನಲ್ಲಿ ಏನಿತ್ತು?”

ಜಯಮಾಲಾಳ ಕಣ್ಣು ಅಮೀನಾಬಿಯ ಮೇಲೆ ನೆಟ್ಟಿತು. ‘ಎಲ್ಲಾ ಮನಸಿಂದಾನ ಮಾಡೇನಿ’ ಎಂದುಬಿಟ್ಟರೆ ಮುಗಿಯಿತು, ಯಾರೂ ತಕ್ಕಡಿ ತಂದು ತೂಗುವುದಿಲ್ಲ. ಆದರೆ ಆ ಬಾಯಿಗೆ ಅದು ಬರಲಿಲ್ಲ.

“ನೀವು ಕೇಳಾಕತ್ತಿದ್ದಕ್ಕ ನಮ್ಮಲ್ಲಿ ನಿಯತ್ತ ಅಂತಾರ. ನಿಯತ್ತಿಲ್ಲದ ನಮಾಜು ನಮಾಜಲ್ಲ, ಅಷ್ಟು ನನಗೂ ಗೊತ್ತೈತ್ರಿ,” ಎಂದಳು. “ಖರೇ ಹೇಳ್ತೇನಿ. ಹಾಕಿದಾಗ ನಂದು ಸುಳ್ಳಿತ್ತು.”

ಜಯಮಾಲಾ ತಲೆ ತಗ್ಗಿಸಿದಳು.

“ಪೂರಾ ಕೇಳ, ತಂಗಿ. ಮಟಮಟ ಮಧ್ಯಾಹ್ನ. ನೀ ನೀಲಿಗಟ್ಟಿದ್ದಿ, ಅಳವಲ್ಲಿ. ನಿಮ್ಮವ್ವಗ ರಕ್ತ ನಿಂದ್ರವಲ್ದು. ದೊಡ್ಡ ದವಾಖಾನಿಗಿ ಒಯ್ಯೂ ಜೀಪ್ ಇನ್ನಾ ಬಂದಿಲ್ಲ. ‘ಬಾಯಾರ, ಕೂಸಿಗಿ ನೀರ ಹಾಕ್ರಿ, ನೀವು ಹಾಕಿದ್ರೂ ನಡೀತೈತಿ, ಸಣ್ಣಾಕಿ ಇದ್ದಾಗ ಫಾದರ್ ಕಲಿಸ್ಯಾರ’ ಅಂದ್ಲು. ತಂದಿ, ಮಗ, ಪವಿತ್ರಾತ್ಮನ ಹೆಸರು ಬಾಯಿಂದ ಹೇಳಿಕೊಟ್ಲು. ನಾ ಆಕೀನ ಸುಮ್ಮನ ಮಾಡಾಕ ಅಂತ ನಾಲ್ಕು ಹನಿ ಚಿಮುಕಿಸಿ ಏನೋ ಗೊಣಗಿದ್ನಿ. ಆಕಿ ನನ್ನ ಮಾರಿ ನೋಡಿದ್ಲು. ‘ಹಂಗ ಬ್ಯಾಡ್ರಿ ಬಾಯಾರ. ಮನಸಿಂದ ಹಾಕ್ರಿ’ ಅಂದ್ಲು.”

ಪಾಸ್ಟರ್ ಚಹಾದ ಕಪ್ಪು ಕೆಳಗಿಟ್ಟರು.

“ನನಗ ನಾಚಿಕಿ ಆತು. ಸಾಯೂ ಹೆಣಮಗಳ ಮುಂದ ಕಳ್ಳಾಟ ಆಡಿದ್ನಲ್ಲ ಅಂತ. ಕೈ ತೊಳಕೊಂಡ್ನಿ. ನಮಾಜಿಗಿ ಹೊದ್ದಂಗ ಸೆರಗ ತಲಿಮ್ಯಾಲೆ ಹೊದ್ದು, ಯಾ ಅಲ್ಲಾ, ಈ ತಾಯಿ ತನ್ನ ಕೂಸಿಗಿ ಏನ ಆಗ್ಲಿ ಅಂತ ಬೇಡತಾಳೋ ಅದ ಆಗ್ಲಿ ಅಂತ ಬೇಡಿ, ತಲಿಮ್ಯಾಲೆ ಮೂರು ಸಲ ನೀರ ಹುಯ್ದು, ಆಕಿ ಹೇಳಿಕೊಟ್ಟ ಮಾತು ಒಂದೂ ಬಿಡದ ಹೇಳಿದ್ನಿ. ಅದು ಖರೇ ಇತ್ರಿ. ನಿಮ್ಮಲ್ಲಿ ಅದಕ್ಕ ಏನಂತಾರ ನನಗ ಗೊತ್ತಿಲ್ಲ.”

“ಅದಕ್ಕೆ ಜ್ಞಾನಸ್ನಾನ ಅಂತಲೇ ಹೇಳುವುದು,” ಎಂದರು ಫಾದರ್. “ಸಭೆ ಕೇಳುವುದು ಇದೇ ಮನಸ್ಸನ್ನು. ಎರಡನೇ ಸಲ ಕೊಡುವ ಅಧಿಕಾರ ಈಗ ನನಗೂ ಇಲ್ಲ, ಬಿಷಪರಿಗೂ ಇಲ್ಲ.”

“ನರ್ಸಬಾಯಿಗಿ ಆ ಅಧಿಕಾರ ಇತ್ತು ಅಂತ ನಾ ಈಗೂ ಒಪ್ಪೂದಿಲ್ಲ, ಫಾದರ್,” ಎಂದರು ಪಾಸ್ಟರ್. “ಆದ್ರ ಸಾಯೂ ಹೊತ್ತಿನ್ಯಾಗ ಮನಸಿಂದ ಹಾಕ್ರಿ ಅಂದ ಆ ತಾಯಿಗಿ ವಿಶ್ವಾಸ ಇರಲಿಲ್ಲ ಅನ್ನಾಕ ನಾ ಯಾರು? ಹುಡುಗಿ ಸಭೆ ಮುಂದ ನಿಂತು ತನ್ನ ವಿಶ್ವಾಸ ಹೇಳಲಿ. ಮತ್ತ ಸ್ನಾನಕ್ಕ ನಾ ನೀರ ಮುಟ್ಟೂದಿಲ್ಲ.”

“ವಿಶ್ವಾಸದ ಪ್ರಶ್ನೆ ಅಲ್ಲ ಅದು...” ಎಂದು ಫಾದರ್ ಮತ್ತೆ ಶುರುಮಾಡಿದರು. ಇಬ್ಬರೂ ಒಂದೇ ಊರಿಗೆ ಎರಡು ದಾರಿಯಿಂದ ಬಂದು ಮುಟ್ಟಿ, ದಾರಿಯ ಬಗ್ಗೆ ವಾದಿಸುತ್ತ ಕೂತರು. ಅಮೀನಾಬಿ ಹುಡುಗಿಯ ಕೈ ಹಿಡಿದು ಹೊರಗೆ ಬಂದಳು.

ಅಂಗಳದಲ್ಲಿ ಜಯಮಾಲಾ ಕೇಳಿದಳು. “ಎರಡನೇ ಸಲ ಹಾಕಿದ್ದು ನಮ್ಮವ್ವ ನೋಡಿದ್ಲೇನು, ಆಯಿ? ಆಕಿಗಿ ಸಮಾಧಾನ ಆತೇನು?”

“ನೋಡಿದ್ಲು. ನೀರ ಬಿದ್ದಕೂಡ್ಲೆ ನೀ ಕಿಟಾರನ ಚೀರಿದಿ. ನಾ ಅರಿಬಿ ಹುಡುಕಾಕತ್ತಿದ್ನಿ. ಅಷ್ಟರಾಗ ಆಕಿ ಕೈ ಚಾಚಿ ತನ್ನ ಸೆರಗಲೆ ನಿನ್ನ ತಲಿ ಒರಸಿದ್ಲು,” ಎಂದಳು ಅಮೀನಾಬಿ. “ನೀರ ಹಾಕಿದಾಕಿ ಅಷ್ಟ ನಾ, ತಂಗಿ. ಒರಸಿದಾಕಿ ನಿಮ್ಮವ್ವ.”