ಭೂಗೋಳಕ್ಕೆ ಒಬ್ಬಳೇ

ಪಿಯುಸಿಯಲ್ಲಿ ಆರ್ಟ್ಸ್ ಸೇರಿದಾಗ ನಾಲ್ಕನೇ ವಿಷಯವೊಂದನ್ನು ಮಾತ್ರ ನಾವೇ ಆರಿಸಬೇಕಿತ್ತು, ಸಮಾಜಶಾಸ್ತ್ರ ಇಲ್ಲವೇ ಭೂಗೋಳ. ನಮ್ಮ ಹೊಲದ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುವುದಕ್ಕೂ ಪುಸ್ತಕದಲ್ಲಿ ಕಾರಣ ಬರೆದಿದ್ದಾರೆಂದು ಗೊತ್ತಾದಾಗಿನಿಂದ ನನಗೆ ಭೂಗೋಳದ ಹುಚ್ಚು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಪಕ್ಕ ಕೂತ ಗೆಳತಿಯೂ ನಾನೂ ಅದನ್ನೇ ಬರೆದುಕೊಟ್ಟೆವು. ಎರಡನೇ ವಾರ ಅವಳು ಆಫೀಸಿಗೆ ಹೋಗಿ ಸಮಾಜಶಾಸ್ತ್ರಕ್ಕೆ ಬದಲಿಸಿಕೊಂಡು ಬಂದಳು.

"ನೀನೂ ಬದ್ಲಿ ಮಾಡ್ಕೊಂಬಿಡು" ಅಂದಳು.

"ನಾ ಒಮ್ಮಿ ಬರದ್ರ ಮುಗೀತು" ಎಂದು ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದೆ. ನಮ್ಮ ಮನೆತನದಲ್ಲಿ ಬೇರೆ ಏನಕ್ಕಾದರೂ ಕೊರತೆ ಇದ್ದೀತು, ಹಟಕ್ಕಿಲ್ಲ.

ಹೀಗೆ ಇಡೀ ಕಾಲೇಜಿನಲ್ಲಿ ಭೂಗೋಳಕ್ಕೆ ನಾನೊಬ್ಬಳೇ ಉಳಿದೆ. ಯರಗಟ್ಟಿಯಿಂದ ವಾರಕ್ಕೆರಡು ದಿನ ಬರುತ್ತಿದ್ದ ಮೇಷ್ಟ್ರು ಎದುರಿಗೆ ನಲವತ್ತು ಜನ ಇದ್ದಾರೇನೋ ಎಂಬಂತೆ ಗಟ್ಟಿಯಾಗಿ ಹಾಜರಿ ಕೂಗುತ್ತಿದ್ದರು. ನಾನು ಎದ್ದು ನಿಂತು "ಹಾಜರ್ ಸರ್" ಎನ್ನುತ್ತಿದ್ದೆ. ಅವರು ಬೋರ್ಡಿನ ಮೇಲೆ ಎರೆಮಣ್ಣಿನ ಬಿರುಕು ಬರೆದು ವಿವರಿಸಿದ ದಿನ, ನೋಡಿದೆಯಾ ಎನ್ನಲು ಪಕ್ಕಕ್ಕೆ ತಿರುಗಿದೆ. ಬೆಂಚು ಖಾಲಿ ಇತ್ತು. ಅಳು ಬಂತು, ನೋಟ್ಸ್ ಬರೆಯುವ ನೆಪದಲ್ಲಿ ತಲೆ ತಗ್ಗಿಸಿದೆ.

ಉಳಿದ ಮೂರು ವಿಷಯಗಳಿಗೆ ನಾವಿಬ್ಬರೂ ಒಂದೇ ಕ್ಲಾಸಿನಲ್ಲಿದ್ದೆವು. ಎರಡು ವರ್ಷ ನಾನು ಅವಳೊಡನೆ ಮಾತಾಡಲಿಲ್ಲ. ಮೊದಮೊದಲು ಅವಳು ಹಿಂತಿರುಗಿ ನೋಡುತ್ತಿದ್ದಳು. ಆಮೇಲೆ ಬಿಟ್ಟಳು. ಅವಳೇ ಬಂದು ತಪ್ಪಾಯಿತು ಎನ್ನಲಿ ಎಂದು ನಾನು ಕಾಯುತ್ತಲೇ ಇದ್ದೆ.

ಎರಡನೇ ವರ್ಷದ ಕೊನೆಗೆ ಕಾಲೇಜಿನ ಮೈದಾನ ಅಳೆದು ನಕ್ಷೆ ಬರೆಯುವ ಕೆಲಸ ಬಂತು. ಟೇಪು ಹಿಡಿಯಲು ಇಬ್ಬರು ಬೇಕು. ಒಂದು ಶನಿವಾರ, ಕಾಲೇಜು ಮಧ್ಯಾಹ್ನಕ್ಕೇ ಬಿಟ್ಟ ಮೇಲೆ, ಟೇಪಿನ ತುದಿಯ ಮೇಲೆ ಕಲ್ಲು ಹೇರಿ ನಾನೊಬ್ಬಳೇ ಅಳೆಯತೊಡಗಿದೆ. ಟೇಪು ಬಿಗಿಮಾಡಿದರೆ ಸಾಕು, ಕಲ್ಲು ಜಾರುತ್ತಿತ್ತು. ಒಂದೇ ಬದಿಯನ್ನು ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ಬಂತು. ನಾಲ್ಕನೇ ಸಲ ಟೇಪು ಜಾರಲಿಲ್ಲ. ತಿರುಗಿ ನೋಡಿದರೆ ಅವಳು ಕಲ್ಲು ಸರಿಸಿ, ಕುಕ್ಕರಗಾಲಲ್ಲಿ ಕೂತು, ತುದಿ ಹಿಡಿದಿದ್ದಳು.

ನಾಲ್ಕೂ ಬದಿ ಅಳೆದೆವು. ನಾನು ಬರೆದುಕೊಂಡೆ, ಅವಳು ಟೇಪು ಸುತ್ತಿದಳು. ಈಗಲಾದರೂ ತಪ್ಪಾಯಿತು ಅಂದಾಳು ಎಂದುಕೊಂಡೆ. ಕೊನೆಗೆ ನಾನೇ ಕೇಳಿದೆ.

"ಅವತ್ತ ಯಾಕ ಬಿಟ್ಟಿ ಭೂಗೋಳ?"

"ನಮ್ಮೂರಿಗಿ ಕಡೀ ಬಸ್ಸು ನಾಕಕ್ಕ ಐತಿ. ನಿಮ್ಮ ಪ್ರಾಕ್ಟಿಕಲ್ ಬಿಡೂದು ಐದಕ್ಕ. ಹೆಂಗ ಮಾಡ್ಲಿ?"

"ನಂಗ ಹೇಳಬಾರದಾಗಿತ್ತ?"

"ಹೇಳಾಕ ಬಂದ್ರ ನೀ ಬ್ಯಾಗ್ ತಗೊಂಡು ಎದ್ದ ಹೋದಿ."

ನನ್ನ ಮನೆ ಬೈಲಹೊಂಗಲದಲ್ಲೇ, ಕಾಲೇಜಿನಿಂದ ನಡೆದರೆ ಹತ್ತು ನಿಮಿಷ. ಅವಳ ಊರು ಸಂಗೊಳ್ಳಿ ದಾಟಿ ಇನ್ನೂ ಒಳಗೆ. ಹೈಸ್ಕೂಲಿನಲ್ಲಿ ಎಷ್ಟೋ ಮಧ್ಯಾಹ್ನ ಅವಳು ನಮ್ಮ ಮನೆಯಲ್ಲಿ ರೊಟ್ಟಿ ಉಂಡಿದ್ದಳು. ಅವಳ ಊರಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಅವಳು ದಿನಾ ಹೇಗೆ ಬರುತ್ತಾಳೆ, ಹೇಗೆ ಹೋಗುತ್ತಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಪರೀಕ್ಷಾ ಮುಗದ ಮ್ಯಾಲ ನಿಮ್ಮೂರಿಗಿ ಬರತೇನಿ" ಅಂದೆ.

ಅವಳು ಟೇಪನ್ನು ನನ್ನ ಕೈಗಿಟ್ಟು ಬ್ಯಾಗು ಹೆಗಲಿಗೇರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಇಷ್ಟ ವರ್ಷ ಬರಲಿಲ್ಲ, ಈಗ್ಯಾಕ?" ಅಂದಳು.